ಗಣಕದ ಬಂದಣಿಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತೋಟಿಗರಿಗೆ ಬಂದಣಿಕೆಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಮನೆಯ ಹಿಂದಿನ ಮಾವಿನ ಮರದ ಮೇಲೆ ಅದು ಬಂದು ಕುಳಿತ ಗಳಿಗೆಯನ್ನು ಯಾರೂ ಕಂಡಿರುವುದಿಲ್ಲ. ಹಣ್ಣಿನ ಆಸೆಗೆ ಬಂದ ಹಕ್ಕಿ ಅಂಟುಬೀಜವನ್ನು ಕೊಂಬೆಗೆ ಒರೆಸಿ ಹಾರಿಹೋಗುತ್ತದೆ. ಬೀಜ ಮೊಳೆತು, ಕೊಂಬೆಯೊಳಕ್ಕೆ ಬೇರಿಳಿಸಿ, ಮರದ ರಸವನ್ನು ಹೀರಿ ತಾನು ಹಸಿರಾಗಿರುತ್ತದೆ. ಮನೆಯ ಗಣಕಯಂತ್ರಕ್ಕೂ ಇಂತಹುದೊಂದು ಬಂದಣಿಕೆ ಉಂಟು. ಆಡ್‌ವೇರ್ ಎಂಬುದು ಅದರ ಇಂಗ್ಲಿಷ್ ಹೆಸರು. ಜಾಹೀರಾತು ತಂತ್ರಾಂಶವೆಂದು ನಾವು ಕರೆಯಬಹುದು. ಅದರ ಚರಿತ್ರೆ ಕಾಲು ಶತಮಾನಕ್ಕೆ ತುಸು ಮಿಕ್ಕಿದ್ದು.

ಮೊದಲಿಗೆ ಇದರಲ್ಲಿ ಕಪಟವಿದ್ದಿತೆಂದು ಹೇಳಲಾಗದು. ಓಪೆರಾ ಎಂಬ ಜಾಲವೀಕ್ಷಕವು 2000ದಲ್ಲಿ ಹಣ ಕೊಡದವರಿಗೂ ದೊರೆಯುವಂತಾಯಿತು. ಪ್ರತಿಯಾಗಿ ಪರದೆಯ ಮೇಲಂಚಿನಲ್ಲಿ ಒಂದು ಜಾಹೀರಾತು ಇರುತ್ತಿತ್ತು. 2005ರಲ್ಲಿ ಅದನ್ನೂ ತೆಗೆದುಹಾಕಿದರು. ಇದು ಬಹಿರಂಗವಾದ ವ್ಯಾಪಾರ. ಆದರೆ ಅದೇ ಕಾಲಕ್ಕೆ ಬೇರೊಂದು ಬಗೆಯ ವ್ಯಾಪಾರವೂ ತಲೆಯೆತ್ತಿತ್ತು. ಗೇಟರ್ ಎಂಬ ಸಂಸ್ಥೆಯ ತಂತ್ರಾಂಶವು ಗುಪ್ತಪದಗಳನ್ನು ನೆನಪಿಟ್ಟುಕೊಡುವ ಸೇವಕನಂತೆ ಮನೆಯೊಳಗೆ ಬಂದು, ಯಜಮಾನನು ನೋಡುತ್ತಿದ್ದ ಪುಟಗಳ ಮೇಲೆ ತನ್ನ ಜಾಹೀರಾತುಗಳನ್ನು ತೆರೆಯತೊಡಗಿತು. ಅಮೆರಿಕದ ಪತ್ರಿಕಾ ಸಂಸ್ಥೆಗಳು 2002ರಲ್ಲಿ ಅದರ ಮೇಲೆ ದಾವೆ ಹೂಡಿದವು. 2003ರಲ್ಲಿ ಆ ಸಂಸ್ಥೆ ಕ್ಲಾರಿಯಾ ಎಂದು ಹೆಸರು ಬದಲಿಸಿಕೊಂಡಿತು. ಹೆಸರು ಕೆಟ್ಟಮೇಲೆ ಹೊಸ ಹೆಸರಿಡುವುದು ಲೋಕರೂಢಿಯಷ್ಟೆ.

ರೋಗದ ಬೆನ್ನಿಗೇ ಮದ್ದೂ ಹುಟ್ಟಿತು. 2000ದಲ್ಲಿ ಸ್ಟೀವ್ ಗಿಬ್ಸನ್ ಎಂಬ ತಂತ್ರಜ್ಞರು ಇಂತಹ ಗುಪ್ತ ಅತಿಥಿಯನ್ನು ತಮ್ಮ ಗಣಕದಲ್ಲಿಯೇ ಕಂಡು, ಅದನ್ನು ಹೊರಹಾಕಲು ಆಪ್ಟ್‌ಔಟ್ ಎಂಬ ಪುಟ್ಟ ಸಾಧನವನ್ನು ಬರೆದರು. ಆಡ್‌-ಅವೇರ್, ಸ್ಪೈಬಾಟ್ ಮೊದಲಾದವು ಇದೇ ಕಾಲದ ಮದ್ದುಗಳು. 2006ರಲ್ಲಿ ಜಾಂಗೋ ಎಂಬ ಸಂಸ್ಥೆ ಅಮೆರಿಕದ ವ್ಯಾಪಾರ ಆಯೋಗಕ್ಕೆ 30 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಆದರೂ ಪಿಡುಗು ನಿಲ್ಲಲಿಲ್ಲ. 2014ರಲ್ಲಿ ಲೆನೋವೊ ಸಂಸ್ಥೆ ಮಾರಿದ ಕೆಲವು ಹೊಸ ಗಣಕಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಮೊದಲೇ ಸೇರಿಕೊಂಡಿದ್ದುದು ಮರುವರ್ಷ ಬಯಲಾಯಿತು. ಸಸಿಯೊಡನೆ ಬಂದಣಿಕೆಯನ್ನೂ ಕೊಂಡಂತಾಯಿತು!

ನಮ್ಮ ಸೀಮೆಯ ಮಾತಿಗೆ ಬರೋಣ. ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ದೇಶದಲ್ಲಿ ಆರಂಭವಾದುದು 2005ರ ಜನವರಿಯಲ್ಲಿ. ಅಲ್ಲಿಂದ ಮುಂದಿನ ವರ್ಷಗಳಲ್ಲಿ ಅಡಿಕೆ ಲೆಕ್ಕದ ಪುಸ್ತಕದ ಪಕ್ಕದಲ್ಲಿ ಗಣಕವೂ ಬಂದು ಕುಳಿತಿತು. ಅಷ್ಟರೊಳಗೆ ಕನ್ನಡಕ್ಕೆ 1998ರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇವೆಲ್ಲ ಒದಗಿದ್ದವು. ಒಳ್ಳೆಯ ತಂತ್ರಾಂಶವನ್ನು ಅದರ ಸ್ವಂತ ತಾಣದಿಂದ ಪಡೆಯದೆ, ಎಲ್ಲಿ ಸಿಕ್ಕಿತೋ ಅಲ್ಲಿಂದ ಇಳಿಸಿಕೊಳ್ಳುವ ನಮ್ಮ ಆತುರವೇ ಬಂದಣಿಕೆಯ ಬೀಜಕ್ಕೆ ಹಕ್ಕಿಯಾಯಿತು. 'ಮುಂದೆ', 'ಮುಂದೆ' ಎಂದು ಓದದೆ ಒತ್ತುತ್ತ ಹೋದವರಲ್ಲಿ ನಾನೂ ಒಬ್ಬ.

ಸಿದ್ದಾಪುರದ ಹಳ್ಳಿಗಳಲ್ಲಿ ಹೆಂಗಸರಿಂದ ಕೇಳಿ ಬರೆದುಕೊಂಡ ಮದುವೆಯ ಹಾಡುಗಳನ್ನು ಗಣಕದಲ್ಲಿ ತುಂಬಿಸಿಟ್ಟಿದ್ದೆ. ಕಾಗದದ ಪ್ರತಿ ಗೆದ್ದಲಿಗೆ ತುತ್ತಾಗಿತ್ತು. ಪರದೆಯ ತುಂಬ ಜಾಹೀರಾತು ಏಳತೊಡಗಿದಾಗ ದುರಸ್ತಿಯವರು "ಫಾರ್ಮ್ಯಾಟ್ ಮಾಡುವುದೇ ದಾರಿ, ಮಾಸ್ತರೇ" ಎಂದರು. ಆ ಮಾತಿನ ಅರ್ಥವನ್ನು ವಿಚಾರಿಸದೆ ನಾನು ಒಪ್ಪಿದೆ. ಸಂಜೆ ಗಣಕ ಶುಭ್ರವಾಗಿ ಮರಳಿತು, ಹಾಡುಗಳು ಮರಳಲಿಲ್ಲ. ಹಾಡಿದವರಲ್ಲಿ ಹಿರಿಯರಾದ ಅಜ್ಜಿ ಆ ವೇಳೆಗೆ ತೀರಿಕೊಂಡಿದ್ದರು.

ಎಲ್ಲವನ್ನೂ ಅಳಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲವೆಂಬುದನ್ನು ಆಮೇಲೆ ಕಲಿತೆ. ಮೊದಲು ಬರಹ, ಚಿತ್ರಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ಬಳಿಕ ಸ್ಥಾಪಿತ ತಂತ್ರಾಂಶಗಳ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ನೋಡಿ, ಉಪದ್ರವ ತೊಡಗಿದ ದಿನಗಳಲ್ಲಿ ಸೇರಿಕೊಂಡ ಅಪರಿಚಿತರನ್ನು ತೆಗೆಯಬೇಕು. ಜಾಲವೀಕ್ಷಕಕ್ಕೆ ಅಂಟಿಕೊಂಡ ವಿಸ್ತರಣೆಗಳನ್ನು ಕಳಚಿ, ಮೊದಲ ಪುಟವನ್ನೂ ಹುಡುಕುತಾಣವನ್ನೂ ಸರಿಪಡಿಸಿ, ಕಂಡಕಂಡ ತಾಣಗಳಿಗೆ ಸೂಚನೆ ಕಳಿಸಲು ಕೊಟ್ಟ ಅನುಮತಿಯನ್ನು ರದ್ದುಪಡಿಸಬೇಕು. ಕೊನೆಗೆ ನಂಬಲರ್ಹವಾದ ಶೋಧಕವೊಂದರಿಂದ ಪರೀಕ್ಷಿಸಬೇಕು. ಕೇಂದ್ರ ಸರಕಾರ 2017ರಲ್ಲಿ ತೆರೆದ ಸೈಬರ್ ಸ್ವಚ್ಛತಾ ಕೇಂದ್ರವೂ ಶುದ್ಧಿಯ ಸಾಧನಗಳನ್ನು ಉಚಿತವಾಗಿ ಒದಗಿಸುತ್ತದೆ. ಕಾಣುವ ಎಲೆಯನ್ನಷ್ಟೇ ತರಿದರೆ ಬಂದಣಿಕೆ ಮತ್ತೆ ಚಿಗುರುತ್ತದೆ. ಬೇರಿಳಿದ ಕೊಂಬೆಯವರೆಗೂ ಕತ್ತಿ ಹೋಗಬೇಕು.

2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮು ಯಜಮಾನನ ಅನುಮತಿಯಿಲ್ಲದೆ ಗಣಕದೊಳಗೆ ಮಾಲಿನ್ಯಕಾರಕವನ್ನು ಸೇರಿಸುವುದನ್ನು ತಪ್ಪೆನ್ನುತ್ತದೆ. ಆದರೆ ಓದದೆ ಒತ್ತಿದ 'ಒಪ್ಪಿಗೆ'ಯೇ ಎದುರಾಳಿಯ ಸಾಕ್ಷಿಯಾಗುವುದುಂಟು. ಆದುದರಿಂದ ಕಾವಲು ನಮ್ಮ ಕೈಯಲ್ಲಿಯೇ ಇದೆ.

ಬಂದಣಿಕೆ ಹಿಡಿಯಿತೆಂದು ನಮ್ಮ ಹಿರಿಯರು ಮಾವಿನ ಮರವನ್ನೇ ಕಡಿಯಲಿಲ್ಲ. ಕಳೆದ ಹಾಡುಗಳಿಗಾಗಿ ನಾನು ಮತ್ತೆ ಆ ಹಳ್ಳಿಗಳಿಗೆ ಹೋದೆ, ಕೆಲವು ದೊರೆತವು. ಅಜ್ಜಿಯ ಹಾಡುಗಳಲ್ಲಿ ಹೆಚ್ಚಿನವು ಬೇರೆ ಯಾರಿಗೂ ಬರುತ್ತಿರಲಿಲ್ಲ.