ಸರ್ಗೋಧಾದಿಂದ ಮರಳದ ಮಿಸ್ಟೇರ್

ಮಂಗಳೂರಿನ ಕುಲಶೇಖರದಿಂದ ಹೊರಟು ಮಾಣಿ, ಪುತ್ತೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದರೆ ಮಡಿಕೇರಿ. ಅಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಪ್ರತಿಮೆಯಿದೆ. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ, ತೀರಿಕೊಂಡ 23 ವರ್ಷಗಳ ಮೇಲೆ. ಇಷ್ಟು ತಡವಾಗಲು ಸರ್ಕಾರದ ಅಲಕ್ಷ್ಯವೊಂದೇ ಕಾರಣ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ಆ ಸಾವಿಗೆ ಗಡಿಯ ಈಚೆ ಸಾಕ್ಷಿಯೇ ಇರಲಿಲ್ಲ. ಇದ್ದ ಸಾಕ್ಷಿ ಶತ್ರುವಿನ ಬಳಿಯಿತ್ತು.

1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ಸೆಪ್ಟೆಂಬರ್ 7ರ ನಸುಕಿನಲ್ಲಿ, ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರ ನೇತೃತ್ವದಲ್ಲಿ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ನಿನ ಯುದ್ಧವಿಮಾನಗಳಾದ ಮಿಸ್ಟೇರ್‌ಗಳು ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹಾರಿದವು. ದೇವಯ್ಯ ಮೀಸಲು ಪೈಲಟ್. ಬದಲಿಯಾಗಿ ತಂಡ ಸೇರಿಕೊಂಡರು. ದೊಡ್ಡ ಬಾಂಬರಿನಲ್ಲಿ ಪೈಲಟ್, ನ್ಯಾವಿಗೇಟರ್, ಗನ್ನರ್ ಎಂದು ಹಲವರಿರುತ್ತಾರೆ, ಒಬ್ಬ ಉಳಿದರೂ ನಡೆದದ್ದು ಮನೆಯವರಿಗೆ ತಿಳಿಯುತ್ತದೆ. ಮಿಸ್ಟೇರ್‌ನಲ್ಲಿ ದಾರಿ ಹುಡುಕುವವನೂ ಗುರಿಯಿಡುವವನೂ ಒಬ್ಬನೇ. ನೆಲಕ್ಕೆ ತೀರಾ ಹತ್ತಿರದಲ್ಲಿ ಹಾರಬೇಕಿತ್ತು, ಇಂಧನ ಹೋಗಿಬರಲು ಸಾಕಾಗುವಷ್ಟೇ. ಉಳಿದವರು ಮರಳಿದರು, ದೇವಯ್ಯನವರಿಗೆ ಏನಾಯಿತೆಂದು ಕಂಡವರಿಲ್ಲ. ಕಡತದಲ್ಲಿ ಅವರು ‘ಕಾಣೆ’ಯಾದರು. ಅದೇ ತಿಂಗಳ 22ರಂದು ದೇವಯ್ಯನವರಂತೆಯೇ ಕೊಡವರಾದ ಇನ್ನೊಬ್ಬ ಪೈಲಟ್, ಕೆ.ಸಿ. ನಂದಾ ಕಾರ್ಯಪ್ಪ, ಹಂಟರ್ ವಿಮಾನದೊಂದಿಗೆ ಪಾಕಿಸ್ತಾನದಲ್ಲಿ ಬಿದ್ದರು. ಅವರು ಸೆರೆಸಿಕ್ಕು ಹಿಂದಿರುಗಿದ್ದರಿಂದ ಅವರ ಕಥೆಯನ್ನು ಅವರೇ ಹೇಳಬಲ್ಲವರಾದರು.

ದೇವಯ್ಯನವರ ಕಥೆಯನ್ನು ಹೊರಗೆ ತಂದದ್ದು ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಬರೆದ ಪುಸ್ತಕ. ಅದರ ಪ್ರಕಾರ, ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಯುದ್ಧವಿಮಾನ ಸ್ಟಾರ್‌ಫೈಟರ್ ಒಂದು ಮಿಸ್ಟೇರ್‌ಗೆ ಹೊಡೆಯಿತು. ಏಟು ತಿಂದ ಮಿಸ್ಟೇರ್ ತಿರುಗಿ ನಿಂತು ಅದನ್ನೇ ಉರುಳಿಸಿತು. ಅಮ್ಜದ್ ಹೊರಜಿಗಿದು ಬದುಕಿಕೊಂಡರು. ಆ ತಂಡದಲ್ಲಿ ಮರಳದಿದ್ದದ್ದು ದೇವಯ್ಯನವರ ಮಿಸ್ಟೇರ್ ಒಂದೇ. ಎದುರಾಳಿಯ ಕಡೆಯ ಮಾತನ್ನು ನಂಬುವುದು ಹೇಗೆ ಎಂದು ಕೇಳಬಹುದು. ಆ ಪುಸ್ತಕ ಪಾಕಿಸ್ತಾನದ ಪರವಾಗಿ ವಾಲಿದ್ದು. ಭಾರತೀಯ ಪೈಲಟ್‌ನ ಶೌರ್ಯವನ್ನು ಹಿಗ್ಗಿಸುವ ಅಗತ್ಯ ಅದಕ್ಕಿರಲಿಲ್ಲ. ತನಗೆ ಅನುಕೂಲವಲ್ಲದ ಸಂಗತಿಯನ್ನು ಒಪ್ಪಿಕೊಂಡ ಸಾಕ್ಷಿಗೆ ಹೆಚ್ಚು ತೂಕ. ಸ್ಫೋಟಿಸಿದ ಮಿಸ್ಟೇರ್‌ನ ಚೂರು ತಗುಲಿ ಸ್ಟಾರ್‌ಫೈಟರ್ ಬಿತ್ತೆಂಬ ವಾದವೂ ಇದೆ. ಆದರೆ ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್, ಕಡಿಮೆ ವೇಗದಲ್ಲಿ ಬಿಗಿಯಾಗಿ ತಿರುಗುವುದರಲ್ಲಿ ಮಿಸ್ಟೇರ್‌ಗೆ ಸಮವಲ್ಲ. ಸೆಣಸಾಟಕ್ಕಿಳಿದರೆ ಹಳೆಯ ವಿಮಾನಕ್ಕೂ ಅವಕಾಶವಿತ್ತು. ಅಲ್ಲದೆ, ತಿರುಗಿ ಕಾದಾಡಿದರೆ ಮನೆಗೆ ಮರಳುವಷ್ಟು ಇಂಧನ ಉಳಿಯದೆಂದು ಬಲ್ಲವರೊಬ್ಬರು ತಿರುಗಿದರು ಎನ್ನುವುದೇ ನನ್ನ ಮಟ್ಟಿಗೆ ಇಲ್ಲಿ ದೊಡ್ಡ ಸಂಗತಿ.

ಹಾಗಾಗಿ ಮೊದಲ 14 ವರ್ಷಗಳ ಮೌನಕ್ಕೆ ಯಾರನ್ನೂ ದೂರಲಾರೆ. ಪುಸ್ತಕ ಬಂದ ಮೇಲಿನ 9 ವರ್ಷಗಳ ಮಾತು ಬೇರೆ. ಸಾಕ್ಷಿ ಅಚ್ಚಾಗಿ ಅಂಗಡಿಗೆ ಬಂದಿತ್ತು, ದೇವಯ್ಯನವರ ಮನೆಯವರು ಇನ್ನೂ ಕಾಯುತ್ತಿದ್ದರು.