ಹತ್ತು ಮಕ್ಕಳಿದ್ದರೆ ಒಬ್ಬ ಆಯಾ

ಕೈಕಾಲಿನ ಊನ ತೀವ್ರವಾಗಿರುವ ಹತ್ತು ಮಕ್ಕಳಾದರೂ ಒಂದು ಶಾಲೆಯಲ್ಲಿದ್ದರೆ, ಅವರನ್ನು ಎತ್ತಿ ಕೂರಿಸಲು, ಶೌಚಕ್ಕೆ ಕರೆದೊಯ್ಯಲು ಒಬ್ಬ ಆಯಾ. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗಳಲ್ಲೇ ಓದಿಸಬೇಕೆಂದು ಕೇಂದ್ರ ಸರ್ಕಾರ 1974ರಲ್ಲಿ ಆರಂಭಿಸಿದ ಯೋಜನೆ 1992ರಲ್ಲಿ ಪರಿಷ್ಕರಣೆಗೊಂಡಾಗ ಅದರಲ್ಲಿದ್ದ ಲೆಕ್ಕ ಇದು. ನಗರದ ದೊಡ್ಡ ಶಾಲೆಗೆ ಹೊಂದುವ ಲೆಕ್ಕ. ತೆಲಂಗಾಣದ ಗಡಿಯ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಅಂಥ ಮಗು ಇದ್ದರೆ ಒಂದು, ಹೆಚ್ಚೆಂದರೆ ಎರಡು. ಹತ್ತು ತುಂಬದ ಕಡೆ ಆಯಾ ಇಲ್ಲ. ಆಯಾ ಇಲ್ಲದ ಕಡೆಗೆ ಮಗು ಬರುವುದಿಲ್ಲ. ಮಗುವೇ ಬಾರದಿದ್ದರೆ ಹತ್ತು ತುಂಬುವುದು ಎಂದಿಗೆ?

ಈ ಮೂರೂ ಊರುಗಳ ಶಾಲೆಗಳಿಗೆ ದೂರದಲ್ಲಿ ಕೂತವರು ಹಾಕುವ ಇಂಥ ಲೆಕ್ಕಗಳ ಅಭ್ಯಾಸ ಹಳೆಯದು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯ ತಾಲ್ಲೂಕುಗಳು, ತಾಂಡೂರು ಗುಲ್ಬರ್ಗ ಜಿಲ್ಲೆಯದು. 1956ರ ರಾಜ್ಯ ಪುನರ್ವಿಂಗಡಣೆ ಕಾಯ್ದೆ ಇವನ್ನು ಆಂಧ್ರ ಪ್ರದೇಶಕ್ಕೆ ಸೇರಿಸಿತು. ಗೆರೆ ಎಳೆದವರು ತಾಲ್ಲೂಕುಗಳನ್ನೂ ಇಡಿಯಾಗಿ ಬಿಡಲಿಲ್ಲ: ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಹೋಬಳಿ ಮೈಸೂರು ರಾಜ್ಯಕ್ಕೆ ಹೋಯಿತು, ಬೀದರ ತಾಲ್ಲೂಕಿನ ನ್ಯಾಲಕಲ್ ಹೋಬಳಿ ಆಂಧ್ರಕ್ಕೆ ಬಂತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಆಡುವ ಜನರ ಮಕ್ಕಳು ಎರಡು ರಾಜ್ಯಗಳ ಎರಡು ಹಾಜರಿ ಪುಸ್ತಕಗಳಿಗೆ ಹಂಚಿಹೋದರು.

ತರಗತಿಯಲ್ಲಿ ಮೇಷ್ಟರ ಜೊತೆಗೆ ಇನ್ನೊಬ್ಬರು ಇರಬೇಕೆಂಬ ಮಾತು ಈ ಸೀಮೆಗೆ ಹೊಸದಲ್ಲ. ಹಳೆಯ ಕೂಲಿಮಠಗಳಲ್ಲಿ ಮೊದಲು ಕಲಿತ ಹುಡುಗನೇ ಕಿರಿಯರ ಕೈ ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ. ಇಂಥದ್ದೇ ಪದ್ಧತಿಯನ್ನು ಮದರಾಸಿನ ಬಳಿ ಕಂಡ ಆಂಡ್ರೂ ಬೆಲ್ ಎಂಬ ಪಾದ್ರಿ, ಎಗ್ಮೋರಿನ ಅನಾಥ ಬಾಲಕರ ಶಾಲೆಯಲ್ಲಿ ಅದನ್ನು ಅಳವಡಿಸಿ, ಇಂಗ್ಲೆಂಡಿಗೆ ಮರಳಿ 1797ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಅಲ್ಲಿ ಅದು ‘ಮದರಾಸು ಪದ್ಧತಿ’ ಎಂದೇ ಹೆಸರಾಯಿತು. ಆದರೆ ಆ ಕಿರಿಯ ಸಹಾಯಕ ಇದ್ದದ್ದು ಬೇಗ ಕಲಿಯಬಲ್ಲವರಿಗೆ. ಕಿವಿ ಕೇಳದ, ಕಣ್ಣು ಕಾಣದ ಮಗುವಿಗೆ ಮಠದ ಜಗಲಿಯಲ್ಲೂ ಜಾಗವಿರಲಿಲ್ಲ. ಎಂ. ಶ್ರೀನಿವಾಸರಾವ್ ಅವರು ಕಿವುಡ ಹಾಗೂ ಅಂಧ ಮಕ್ಕಳಿಗಾಗಿ 1901ರಲ್ಲಿ ಮೈಸೂರಿನಲ್ಲಿ ಶಾಲೆ ತೆರೆದರು. ಅದು ಕನ್ನಡ ನಾಡಿನ ದೊಡ್ಡ ಹೆಜ್ಜೆ. ಬೀದರ ಜಿಲ್ಲೆಯ ರೈತನಿಗೆ ಆ ಮೈಸೂರು ಬೇರೆಯೇ ಸಂಸ್ಥಾನ.

1992ರ ನಿಯಮಗಳನ್ನು ಓದುವಾಗ ಆಯಾಳ ಲೆಕ್ಕಕ್ಕಿಂತ ಹೆಚ್ಚು ಹೇಳುವ ಒಂದು ಸಾಲು ಸಿಗುತ್ತದೆ. ಕಾಲಿನ ಊನ ತೀವ್ರವಾಗಿರುವ ಮಗುವನ್ನು ಶಾಲೆಗೆ ಕರೆತರುವವರಿಗೆ ತಿಂಗಳಿಗೆ 75 ರೂಪಾಯಿ ಭತ್ಯೆ. ಐದನೆಯ ತರಗತಿ ದಾಟಿದ ಅಂಧ ವಿದ್ಯಾರ್ಥಿಗೆ ಪಾಠ ಓದಿ ಹೇಳುವವರಿಗೆ ತಿಂಗಳಿಗೆ 50. ಎಂಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ. ಶಿಕ್ಷಕರಾದರೂ ಪಟ್ಟಣದ ಕೇಂದ್ರದಲ್ಲಿ ಇರುವವರು. ಹಳ್ಳಿಯ ಮಟ್ಟಿಗೆ ಯೋಜನೆಯಲ್ಲಿ ಉಳಿದ ಸಹಾಯಕಿ ಎಂದರೆ ಮಗುವನ್ನು ಸೊಂಟದ ಮೇಲೆ ಹೊತ್ತು ಬರುವ ತಾಯಿ. ಕೂಲಿ ಬಿಟ್ಟು ಬರುವ ಅವಳ ದಿನಕ್ಕೆ ಸರ್ಕಾರ ಕಟ್ಟಿದ ಬೆಲೆ ಮೂರು ರೂಪಾಯಿಗೂ ಕಡಿಮೆ. ಇಷ್ಟು ವರ್ಷಗಳ ನಂತರವೂ ‘ಎಸ್ಕಾರ್ಟ್ ಭತ್ಯೆ’ ಎಂಬ ಹೆಸರು ಉಳಿದಿದೆ. ಅದನ್ನು ಕೊಡುವುದು ಸರಿ. ಆದರೆ ತರಗತಿಯೊಳಗಿನ ಸಹಾಯಕಿಯ ಜಾಗವನ್ನು ಅದು ತುಂಬುತ್ತದೆ ಎಂದುಕೊಳ್ಳುವುದು ಅನ್ಯಾಯ.

ಗಡಿಯ ಈ ಆಂಧ್ರ ಬದಿಗೆ ಅನುಕೂಲವಾಗಿ ಬಂದ ತಿರುವು ಶಿಕ್ಷಣ ಇಲಾಖೆಯಿಂದ ಬರಲಿಲ್ಲ. 1985ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ದೊಡ್ಡ ತಾಲ್ಲೂಕುಗಳನ್ನು ಒಡೆದು ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಮಂಡಲಗಳನ್ನು ಮಾಡಿತು. ಅಂಗವಿಕಲ ಮಕ್ಕಳನ್ನು ನೆನೆದು ಮಾಡಿದ್ದಲ್ಲ ಅದು. ಆದರೆ 2001ರ ಹೊತ್ತಿಗೆ ಸರ್ವ ಶಿಕ್ಷಾ ಅಭಿಯಾನ ಬಂದು, ಯಾವ ಮಗುವನ್ನೂ ಶಾಲೆಯಿಂದ ಹಿಂದೆ ಕಳಿಸಬಾರದು ಎಂಬ ನೀತಿಯೊಂದಿಗೆ ಪ್ರತಿ ವಿಶೇಷ ಮಗುವಿಗೆ ವರ್ಷಕ್ಕೆ 1,200 ರೂಪಾಯಿ ಇಟ್ಟಾಗ, ಅದನ್ನು ಬಳಸಲು ಚಿಕ್ಕ ಘಟಕವೊಂದು ಸಿದ್ಧವಾಗಿತ್ತು. ಮುಂದೆ ಮಂಡಲ ಮಟ್ಟದಲ್ಲಿ ‘ಭವಿತ’ ಕೇಂದ್ರಗಳು ಹುಟ್ಟಿಕೊಂಡವು. ಕರ್ನಾಟಕದ ಬದಿಯಲ್ಲಿ ಇದೇ ಕೆಲಸ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರ ಹೆಗಲಿಗೆ ಬಿತ್ತು. ಬ್ಲಾಕ್ ದೊಡ್ಡದು, ದಾರಿ ಉದ್ದ.

ಭವಿತ ಕೇಂದ್ರವೆಂದರೆ ಸಾಮಾನ್ಯವಾಗಿ ಸರ್ಕಾರಿ ಶಾಲೆಯ ಆವರಣದ ಒಂದು ಕೋಣೆ. ಗುತ್ತಿಗೆಯ ಮೇಲೆ ದುಡಿಯುವ ಸಂಪನ್ಮೂಲ ಶಿಕ್ಷಕರು, ಒಬ್ಬ ಆಯಾ, ಆಗಾಗ ಬರುವ ಫಿಸಿಯೋಥೆರಪಿಸ್ಟ್. ಮಗುವಿನ ಕಾಲು ನೀವುವುದು, ಚಮಚ ಹಿಡಿಯಲು ಕಲಿಸುವುದು, ಗುಂಡಿ ಹಾಕಿಸುವುದು, ಬಣ್ಣದ ಮಣಿ ಪೋಣಿಸುವುದು ಇಲ್ಲಿಯ ಪಾಠ. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳ ಮನೆಗೆ ಶಿಕ್ಷಕರೇ ಹೋಗಬೇಕು. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ತೀವ್ರ ಊನವುಳ್ಳ ಮಗುವಿಗೆ ಮನೆಯಲ್ಲೇ ಕಲಿಯುವ ಆಯ್ಕೆಯನ್ನು ಕೊಟ್ಟಿದೆ. ಈ ಕೇಂದ್ರಗಳ ಕೆಲಸವನ್ನು ಯಾರೂ ಕಡಿಮೆ ಎಣಿಸಬಾರದು. ಆದರೂ ಒಂದು ಮಾತನ್ನು ಬಿಡಲಾಗದು: ಆಯಾ ಇರುವುದು ಮಂಡಲ ಕೇಂದ್ರದಲ್ಲಿ. ಮಗುವಿನ ಹೆಸರಿರುವುದು ಹಳ್ಳಿಯ ಶಾಲೆಯಲ್ಲಿ.

ಭಾಷೆಯ ವಿಚಾರ ಇನ್ನೂ ಸೂಕ್ಷ್ಮ. ಸಹಾಯಕರನ್ನು ಹಂಚುವ ಮೊದಲು ಯಾರಿಗೆ ಎಷ್ಟು ನೆರವು ಬೇಕೆಂದು ಅಳೆಯಬೇಕು. ಭಾರತದಲ್ಲಿ ಬುದ್ಧಿಮಟ್ಟ ಅಳೆಯಲು ಇಂದಿಗೂ ಬಳಕೆಯಲ್ಲಿರುವ ಬಿನೆ–ಕಾಮತ್ ಪರೀಕ್ಷೆ 1930ರ ದಶಕದಲ್ಲಿ ಮೈದಳೆದದ್ದು ಧಾರವಾಡದಲ್ಲಿ, ವಿ.ವಿ. ಕಾಮತ್ ಅದನ್ನು ರೂಪಿಸಿದ್ದು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗಾಗಿ. ಮಗುವಿನ ಮಾತಿನಲ್ಲೇ ಪ್ರಶ್ನೆ ಕೇಳಬೇಕೆಂಬ ಅವರ ಎಚ್ಚರ ಗಡಿಯ ಮಂಡಲಗಳಿಗೆ ಇವತ್ತೂ ಪಾಠ. ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಐದರ ಮಗು ತೆಲುಗಿನ ಪ್ರಶ್ನೆಗೆ ಸುಮ್ಮನಿದ್ದರೆ, ಅದು ಭಾಷೆಯ ತೊಡಕೋ ಬುದ್ಧಿಯ ತೊಡಕೋ ಎಂದು ಕಾಗದ ಹೇಳುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಅವಕಾಶ ಮಾಡಿಕೊಡಬೇಕೆನ್ನುವ ಸಂವಿಧಾನದ 350ಎ ವಿಧಿ ಸೇರಿದ್ದೂ ಇದೇ ಗೆರೆಗಳು ಎಳೆಯಲ್ಪಟ್ಟ 1956ರಲ್ಲಿ. ಕಿವಿ ಮಂದವಾದ ಮಗುವಿಗೂ ಆ ಮಾತು ಅನ್ವಯಿಸಬೇಕಲ್ಲವೇ?

ಸಹಾಯಕರ ಸಂಖ್ಯೆ ಹೆಚ್ಚಿಸಿದರೆ ಸಾಕು ಎಂಬುದೂ ಪೂರ್ತಿ ನಿಜವಲ್ಲ. 1977ರಲ್ಲಿ ಪ್ರತ್ಯೇಕ ತರಗತಿಗಳನ್ನೇ ಕಾನೂನಿನಿಂದ ತೆಗೆದ ಇಟಲಿ, ನೆರವಿಗೆ ಕೊಟ್ಟದ್ದು ಬೆಂಬಲ ಶಿಕ್ಷಕರನ್ನು. ಇಂಗ್ಲೆಂಡ್ ತರಗತಿ ಸಹಾಯಕರನ್ನು ದೊಡ್ಡ ಸಂಖ್ಯೆಯಲ್ಲಿ ನೇಮಿಸಿಕೊಂಡಿತು. ಅಲ್ಲಿ ಸುಮಾರು 8,200 ವಿದ್ಯಾರ್ಥಿಗಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಹಾಯಕರ ಬಳಿ ಹೆಚ್ಚು ಹೊತ್ತು ಕಳೆದ ಮಕ್ಕಳ ಕಲಿಕೆಯೇ ಹಿಂದೆ ಬಿದ್ದದ್ದನ್ನು ತೋರಿಸಿತು. ತಪ್ಪು ಸಹಾಯಕರದಲ್ಲ. ಅವರಿಗೆ ತರಬೇತಿ ಇರಲಿಲ್ಲ, ಮೇಷ್ಟರ ಜೊತೆ ಕೂತು ಪಾಠ ಯೋಜಿಸಲು ಸಮಯವಿರಲಿಲ್ಲ. ಕಷ್ಟದ ಮಗು ಮೇಷ್ಟರ ಕೈಬಿಟ್ಟು ಸಹಾಯಕರ ಪಾಲಾಗಿತ್ತು.

2016 ಈ ಸೀಮೆಗೆ ಎರಡು ಬದಲಾವಣೆ ತಂದ ವರ್ಷ. ಅಕ್ಟೋಬರ್‌ನಲ್ಲಿ, ಆಂಧ್ರದಿಂದ ಬೇರೆಯಾದ ತೆಲಂಗಾಣದಲ್ಲಿ ಹೊಸ ಜಿಲ್ಲೆಗಳಾದಾಗ ಜಹೀರಾಬಾದ್, ನಾರಾಯಣಖೇಡ ಸಂಗಾರೆಡ್ಡಿಗೂ ತಾಂಡೂರು ವಿಕಾರಾಬಾದಿಗೂ ಸೇರಿದವು. ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಷ್ಟು ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಎಂಬ ಲೆಕ್ಕವನ್ನು ನಿಗದಿಪಡಿಸುವಂತೆ ಕೇಂದ್ರಕ್ಕೆ ಹೇಳಿತು. ಹಲವು ಶಾಲೆಗಳಿಗೆ ಸುತ್ತಿ ಪಾಠ ಮಾಡುವವರನ್ನು ಬಳಸಿಕೊಳ್ಳುವ ದಾರಿಯನ್ನೂ ತೆರೆದಿಟ್ಟಿತು. ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬ, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬ ವಿಶೇಷ ಶಿಕ್ಷಕ ಎಂದು ಕೇಂದ್ರ 2022ರಲ್ಲಿ ಪ್ರಕಟಿಸಿತು. ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಿ ಎಂದು ರಾಜ್ಯಗಳಿಗೆ 2025ರ ಮಾರ್ಚ್‌ನಲ್ಲಿ ಕೋರ್ಟ್ ಮತ್ತೆ ಹೇಳಬೇಕಾಯಿತು.

ಈ ಹುದ್ದೆಗಳು ತುಂಬುವಾಗ ನ್ಯಾಲಕಲ್‌ನಂಥ ಮಂಡಲಕ್ಕೆ ಬರುವ ಶಿಕ್ಷಕರಿಗೂ ಆಯಾಗೂ ಕನ್ನಡ ಬರಬೇಕೆಂದು ನೇಮಕಾತಿಯ ಅರ್ಹತೆಯಲ್ಲಿ ಬರೆಯಲು ಹೊಸ ಕಾನೂನೇನೂ ಬೇಕಿಲ್ಲ. ಒಂದೇ ಮಗು ಇರುವ ಹಳ್ಳಿಗೂ ಸಹಾಯಕಿ ವಾರದಲ್ಲಿ ಇಂತಿಷ್ಟು ದಿನ ಎಂದು ಹಂಚಿಕೆಯ ಪಟ್ಟಿಯಲ್ಲಿ ಆ ಹಳ್ಳಿಯ ಹೆಸರು ಸೇರಿಸಲು ಜಿಲ್ಲಾ ಕಚೇರಿಯ ಒಂದು ಆದೇಶ ಸಾಕು.