ನೂರರ ಲೆಕ್ಕ

2013ರ ನವೆಂಬರ್ 16ರಂದು ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಸಚಿನ್ ತೆಂಡೂಲ್ಕರ್ ತಮ್ಮ ಕೊನೆಯ ಟೆಸ್ಟ್ ಮುಗಿಸಿದರು. ಅದೇ ದಿನ ಭಾರತರತ್ನದ ಘೋಷಣೆ ಬಂತು. ಹೆಸರು ಎರಡಿದ್ದವು: ಒಂದು ಸಚಿನ್, ಇನ್ನೊಂದು ನಮ್ಮ ಬೆಂಗಳೂರಿನ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್. ಪತ್ರಿಕೆಗಳು ಇಬ್ಬರನ್ನೂ ನೂರು ಎಂಬ ಅಂಕಿಯಿಂದಲೇ ಪರಿಚಯಿಸಿದವು. ಸಚಿನ್ ಅವರದು ನೂರು ಅಂತಾರಾಷ್ಟ್ರೀಯ ಶತಕ. ರಾವ್ ಅವರದು ಎಚ್-ಇಂಡೆಕ್ಸ್ ನೂರು.

ಮೊದಲನೆಯ ನೂರನ್ನು ಡೊಂಬಿವಲಿ ಲೋಕಲ್‌ನಲ್ಲಿ ಜೋತುಬಿದ್ದು ಹೋಗುವ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಎರಡನೆಯದು ಏನೆಂದು ಬಲ್ಲವರು ಕಡಿಮೆ. ಆದರೆ ಅದೇ ಡೊಂಬಿವಲಿ, ಕಲ್ಯಾಣ್, ಥಾಣೆ, ನವಿ ಮುಂಬಯಿಯ ಕಾಲೇಜುಗಳ ಸ್ಟಾಫ್‌ರೂಮುಗಳಲ್ಲಿ ಆ ಜಾತಿಯ ಅಂಕಿಗಳೇ ಜನರ ಬಡ್ತಿಯನ್ನು, ಸಂಬಳವನ್ನು, ಕೆಲವೊಮ್ಮೆ ನಿದ್ದೆಯನ್ನು ನಿರ್ಧರಿಸುತ್ತಿದ್ದವು. ಈ ಲೆಕ್ಕ ಎಲ್ಲಿಂದ ಬಂತು, ಯಾವ ಕೆಲಸಕ್ಕೆಂದು ಹುಟ್ಟಿತು, ಯಾವ ಕೆಲಸಕ್ಕೆ ಒದಗಿತು ಎಂಬುದು ಈ ಸಲದ ಬರಹ.

ಗ್ರಂಥಾಲಯದ ಕಪಾಟಿನಿಂದ

ಉಲ್ಲೇಖಗಳನ್ನು ಎಣಿಸುವ ಕೆಲಸ ಶುರುವಾದದ್ದೇ ರಸಾಯನಶಾಸ್ತ್ರದಲ್ಲಿ. 1927ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನ ಗ್ರಾಸ್ ಮತ್ತು ಗ್ರಾಸ್ ಎಂಬಿಬ್ಬರು ಒಂದು ಬಡ ಪ್ರಶ್ನೆ ಎತ್ತಿಕೊಂಡರು. ಸಣ್ಣ ಕಾಲೇಜು, ಸಣ್ಣ ಗ್ರಂಥಾಲಯ, ಕೈಯಲ್ಲಿ ಸ್ವಲ್ಪವೇ ಹಣ. ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಯಾವ ಪತ್ರಿಕೆಗಳನ್ನು ತರಿಸಬೇಕು? ಅವರು ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯ 1926ರ ಸಂಪುಟವನ್ನು ಮುಂದಿಟ್ಟುಕೊಂಡು, ಅಡಿಟಿಪ್ಪಣಿಗಳಲ್ಲಿ ಯಾವ ಪತ್ರಿಕೆಯ ಹೆಸರು ಎಷ್ಟು ಸಲ ಬಂದಿದೆ ಎಂದು ಒಂದೊಂದಾಗಿ ಎಣಿಸಿದರು. ಜರ್ಮನ್ ಪತ್ರಿಕೆಗಳು ಎದ್ದು ಕಂಡವು. ರಸಾಯನಶಾಸ್ತ್ರ ಓದುವವರಿಗೆ ಜರ್ಮನ್ ಬೇಕೇ ಬೇಕು ಎಂಬ ಮಾತೂ ಅದರಿಂದ ಹೊರಟಿತು. ಯಾವ ವಿಜ್ಞಾನಿ ದೊಡ್ಡವನು ಎಂದು ಅವರು ಕೇಳಲೇ ಇಲ್ಲ. ಕೇಳಿದ್ದು ಇಷ್ಟೇ: ಓದುವ ಮಕ್ಕಳಿಗೆ ಏನು ಕೊಳ್ಳೋಣ?

ನಮ್ಮವರೇ ಆದ ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದವರು. ಗ್ರಂಥಾಲಯದ ಕೆಲಸಕ್ಕೆ ಸಂಖ್ಯಾಶಾಸ್ತ್ರವನ್ನು ಹಚ್ಚುವ ವಿದ್ಯೆಗೆ ಅವರು 1948ರಲ್ಲಿ 'ಲೈಬ್ರಾಮೆಟ್ರಿ' ಎಂದು ಹೆಸರಿಟ್ಟರು; 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ತರಬೇತಿ ಕೇಂದ್ರ ಕಟ್ಟಿದರು. ಅವರ ಎಣಿಕೆಯೂ ಓದುಗನ ಸೇವೆಗಾಗಿಯೇ ಇತ್ತು.

ಆಮೇಲೆ ಬಂದವನು ಯೂಜೀನ್ ಗಾರ್‌ಫೀಲ್ಡ್. ಭಾಷಾವಿಜ್ಞಾನ ಓದಿದವರಿಗೆ ಈತ ದೂರದ ನೆಂಟ. ಕೊಲಂಬಿಯಾದಲ್ಲಿ ಓದಿದ್ದು ರಸಾಯನಶಾಸ್ತ್ರ. 1961ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಪಡೆದ ಪಿಎಚ್‌ಡಿ ಮಾತ್ರ ರಾಚನಿಕ ಭಾಷಾವಿಜ್ಞಾನದಲ್ಲಿ. ಪ್ರಬಂಧದ ವಿಷಯ, ರಾಸಾಯನಿಕಗಳ ಹೆಸರುಗಳನ್ನು ಅಣುಸೂತ್ರಗಳಿಗೆ ಅನುವಾದಿಸುವ ವಿಧಾನ. ಒಂದು ಉದ್ದನೆಯ ಹೆಸರನ್ನು ಪದಾಂಶಗಳಾಗಿ ಬಿಡಿಸಿ, ಪ್ರತಿ ಅಂಶಕ್ಕೂ ಇಷ್ಟು ಇಂಗಾಲ, ಇಷ್ಟು ಜಲಜನಕ ಎಂದು ಲೆಕ್ಕ ಹಾಕಿದರೆ ಸೂತ್ರ ಸಿಗುತ್ತದೆ. ವ್ಯಾಕರಣದಿಂದ ರಸಾಯನಕ್ಕೆ ಸೇತುವೆ ಕಟ್ಟಿದ ಮನುಷ್ಯ ಈತ.

ಗಾರ್‌ಫೀಲ್ಡ್‌ಗೆ ಕಾಡುತ್ತಿದ್ದದ್ದು ಹುಡುಕಾಟದ ತೊಂದರೆ. ವಿಷಯಸೂಚಿಯಲ್ಲಿ ಒಂದು ಪದ ಹಿಡಿದು ಹುಡುಕಿದರೆ ಬೇರೆ ಪದ ಬಳಸಿದವರು ಸಿಗುವುದಿಲ್ಲ. ಅಮೆರಿಕದ ವಕೀಲರು ಒಂದು ಹಳೆಯ ತೀರ್ಪನ್ನು ಮುಂದೆ ಯಾವ ಯಾವ ತೀರ್ಪುಗಳು ಎತ್ತಿಹಿಡಿದಿವೆ, ಯಾವುವು ತಳ್ಳಿಹಾಕಿವೆ ಎಂದು ನೋಡಲು 'ಶೆಪರ್ಡ್ಸ್ ಸೈಟೇಶನ್ಸ್' ಎಂಬ ಪಟ್ಟಿಯನ್ನು 19ನೇ ಶತಮಾನದಿಂದ ಬಳಸುತ್ತಿದ್ದರು. ಅದನ್ನೇ ವಿಜ್ಞಾನಕ್ಕೆ ತಂದರೆ ಹೇಗೆ ಎಂದು ಆತ 1955ರಲ್ಲಿ ಬರೆದ. 1961ರ ಸಾಹಿತ್ಯವನ್ನು ಜಾಲಾಡಿ ಹೊರತಂದ ಮೊದಲ 'ಸೈನ್ಸ್ ಸೈಟೇಶನ್ ಇಂಡೆಕ್ಸ್'ನಲ್ಲಿ 613 ಪತ್ರಿಕೆಗಳು, ಸುಮಾರು 14 ಲಕ್ಷ ಉಲ್ಲೇಖಗಳಿದ್ದವು. ಯಾವ ಪತ್ರಿಕೆಗಳನ್ನು ಈ ಸೂಚಿಗೆ ಸೇರಿಸಬೇಕು ಎಂದು ಆರಿಸಲು ಹುಟ್ಟಿದ ಸಲಕರಣೆಯೇ ಇಂಪ್ಯಾಕ್ಟ್ ಫ್ಯಾಕ್ಟರ್. ಅದು ಪತ್ರಿಕೆಯ ಸರಾಸರಿ, ಅದರಲ್ಲಿ ಬರೆದವನ ಯೋಗ್ಯತೆ ಅಲ್ಲ.

ಹುಡುಕುವ ದೀಪ, ತೂಗುವ ತಕ್ಕಡಿ

ಸಲಕರಣೆ ಕೈಗೆ ಸಿಕ್ಕ ಮೇಲೆ ಅದನ್ನು ಮಾಡಿದವನ ಉದ್ದೇಶ ಯಾರಿಗೆ ನೆನಪಿರುತ್ತದೆ? ಯಾರನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ಗೊತ್ತಾದರೆ, ಯಾರನ್ನು ಹೆಚ್ಚು ಉಲ್ಲೇಖಿಸಿದ್ದಾರೆ ಎಂದೂ ಗೊತ್ತಾಗುತ್ತದೆ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಎಚ್-ಇಂಡೆಕ್ಸ್ ಸೂಚಿಸಿದ. ಲೆಕ್ಕ ಸುಲಭ. ಒಬ್ಬ ವಿಜ್ಞಾನಿಯ ಪ್ರಬಂಧಗಳಲ್ಲಿ ಹತ್ತು ಪ್ರಬಂಧಗಳು ತಲಾ ಹತ್ತು ಸಲವಾದರೂ ಉಲ್ಲೇಖವಾಗಿದ್ದರೆ ಎಚ್-ಇಂಡೆಕ್ಸ್ ಹತ್ತು. ಹನ್ನೊಂದಾಗಬೇಕಾದರೆ ತಲಾ ಹನ್ನೊಂದು ಸಲ ಉಲ್ಲೇಖವಾದ ಹನ್ನೊಂದು ಪ್ರಬಂಧ ಬೇಕು. ಒಂದೇ ಪ್ರಬಂಧ ಸಾವಿರ ಸಲ ಉಲ್ಲೇಖವಾದರೂ ಎಚ್ ಒಂದೇ. ಯಾರೂ ಓದದ ಸಾವಿರ ಪ್ರಬಂಧ ಬರೆದರೆ ಸೊನ್ನೆ. ದೊಡ್ಡ ಅಮೆರಿಕನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗೆ ಕಾಯಂ ಹುದ್ದೆಗೆ ಸುಮಾರು 12, ಪ್ರೊಫೆಸರ್‌ಗಿರಿಗೆ 18 ಎಂದು ಹಿರ್ಷ್ ಅಂದಾಜನ್ನೂ ಕೊಟ್ಟಿದ್ದ. ಎರಡು ವರ್ಷದೊಳಗೆ, 2007ರಲ್ಲಿ, ಬದುಕಿರುವ ರಸಾಯನ ವಿಜ್ಞಾನಿಗಳ ಎಚ್-ಇಂಡೆಕ್ಸ್ ಪಟ್ಟಿಯೇ ಪ್ರಕಟವಾಯಿತು. ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಲೆಯಲ್ಲಿದ್ದರು. ಕ್ರಿಕೆಟ್ ಸ್ಕೋರ್‌ಬೋರ್ಡ್‌ನಂತೆ ಜನ ಅದನ್ನು ಓದಿದರು.

ಈಗ ರಾವ್ ಅವರ ನೂರಕ್ಕೆ ಬರೋಣ. ಅದು ಸುಳ್ಳು ನೂರಲ್ಲ. 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದ ಯುವಕ, ರಸಾಯನ ವಿಜ್ಞಾನಿಗಳು ಅಷ್ಟಾಗಿ ಕಣ್ಣು ಹಾಯಿಸದಿದ್ದ ಘನವಸ್ತುಗಳನ್ನು ಹಿಡಿದುಕೊಂಡದ್ದು. ಲೋಹಗಳ ಆಕ್ಸೈಡುಗಳು, ಅತಿವಾಹಕಗಳು, ನ್ಯಾನೋ ವಸ್ತುಗಳು ಎಂದು ದಶಕಗಟ್ಟಲೆ ಬಿಡದೆ ನಡೆದದ್ದು. 1976ರಲ್ಲಿ ಐಐಟಿ ಕಾನ್ಪುರದಿಂದ ಮರಳಿ ಬೆಂಗಳೂರಿನಲ್ಲಿ ವಿಭಾಗ ಕಟ್ಟಿದ್ದು. 1989ರಲ್ಲಿ ಜವಾಹರಲಾಲ್ ನೆಹರೂ ಕೇಂದ್ರ ಸ್ಥಾಪಿಸಿದ್ದು. ಇವೆಲ್ಲವೂ ಆ ಅಂಕಿಯ ಹಿಂದಿವೆ. ಆದರೆ ಈ ನೂರು ಸಚಿನ್ ನೂರಿನಂಥದ್ದಲ್ಲ. ಶತಕ ಒಬ್ಬನ ಬ್ಯಾಟಿನದು. ಪ್ರಬಂಧಕ್ಕೆ ಹಲವು ಕೈಗಳಿರುತ್ತವೆ: ವಿದ್ಯಾರ್ಥಿಗಳು, ಸಹೋದ್ಯೋಗಿಗಳು, ಯಂತ್ರ ನಡೆಸುವವರು. ಎಚ್-ಇಂಡೆಕ್ಸ್ ವಯಸ್ಸಿನೊಂದಿಗೆ ಏರುತ್ತದೆ, ಎಂದೂ ಇಳಿಯುವುದಿಲ್ಲ. ಸುಮಾರು ಒಂದೂವರೆ ಸಾವಿರ ಪ್ರಬಂಧಗಳ ಬದುಕನ್ನು ಮೂರಂಕಿಯಲ್ಲಿ ಹೇಳಿದರೆ ಎತ್ತರ ಕಾಣುತ್ತದೆ. ಆ ಎತ್ತರದಲ್ಲಿ ಏನು ಬೆಳೆದಿದೆ ಎಂದು ಕಾಣುವುದಿಲ್ಲ.

ಭಾಷೆಯ ಕಡೆಯಿಂದಲೂ ಒಂದು ತೊಡಕಿದೆ. ಉಲ್ಲೇಖ ಒಂದು ಮಾತು, ಮಾತಿಗೆ ಭಾವ ಇರುತ್ತದೆ. ಇವರ ಕೆಲಸದ ಮೇಲೆ ನಾವು ನಿಂತಿದ್ದೇವೆ ಎಂದೂ ಉಲ್ಲೇಖಿಸಬಹುದು. ಇವರು ಹೇಳಿದ್ದು ತಪ್ಪು ಎಂದೂ. ಸಂಪಾದಕರಿಗೆ ಬೇಜಾರಾಗದಿರಲಿ ಎಂದೂ. ಶೆಪರ್ಡ್‌ನ ವಕೀಲರ ಪಟ್ಟಿ ತೀರ್ಪು ಉಳಿಯಿತೋ ಬಿತ್ತೋ ಎಂದು ಗುರುತು ಹಾಕುತ್ತಿತ್ತು. ವಿಜ್ಞಾನದ ಎಣಿಕೆ ಆ ಗುರುತನ್ನು ಬಿಟ್ಟು ಬರೀ ತಲೆ ಎಣಿಸಿತು. ಹಾಗೆ ಎಣಿಸಿದರೆ ಚರಿತ್ರೆಯಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧ ಆಲಿವರ್ ಲೌರಿ ಮತ್ತು ಸಂಗಡಿಗರ 1951ರದು. 2014ರ ಹೊತ್ತಿಗೇ ಮೂರು ಲಕ್ಷ ದಾಟಿತ್ತು. ಅದರಲ್ಲಿರುವುದು ಪ್ರೋಟೀನಿನ ಪ್ರಮಾಣ ಕಂಡುಹಿಡಿಯುವ ಒಂದು ವಿಧಾನ. ಅಡುಗೆಮನೆಯ ಸೌಟಿನಂತೆ ಎಲ್ಲರಿಗೂ ಬೇಕಾದದ್ದು ಅದು.

ಹದಿನೈದು ಪಾಯಿಂಟು

2010ರ ಜೂನ್ 30ರಂದು ಯುಜಿಸಿ ಹೊಸ ನಿಯಮ ಹೊರಡಿಸಿತು. ಅಲ್ಲಿಂದಾಚೆಗೆ ಬಡ್ತಿ ಬೇಕಾದ ಅಧ್ಯಾಪಕರು ಎಪಿಐ ಎಂಬ ಅಂಕಗಳ ಲೆಕ್ಕ ಕೊಡಬೇಕಾಯಿತು. ಪರಾಮರ್ಶೆ ಇರುವ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂದರೆ 15 ಅಂಕ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಒಂದರಿಂದ ಎರಡರೊಳಗಿದ್ದರೆ ಇನ್ನೂ 10. ಪತ್ರಿಕೆ ಆರಿಸಲು ಗಾರ್‌ಫೀಲ್ಡ್ ಮಾಡಿದ್ದ ಸಲಕರಣೆ ಕೊನೆಗೂ ಮೇಷ್ಟ್ರ ಸರ್ವಿಸ್ ಬುಕ್ಕಿಗೆ ಬಂದು ಕೂತಿತು.

ಇದನ್ನು ಬರೀ ಬೈದುಬಿಡುವುದು ನ್ಯಾಯವಲ್ಲ. ಅಂಕಿ ಇಲ್ಲದ ಕಾಲದಲ್ಲಿ ಏನಿತ್ತು ಎಂದು ನಮಗೆಲ್ಲ ಗೊತ್ತು. ಯಾರ ಶಿಷ್ಯ, ಯಾವ ಜಾತಿ, ಯಾರ ಫೋನು. ಸಂದರ್ಶನದ ಕೋಣೆಯಲ್ಲಿ ಗುರುತಿನವರಿಲ್ಲದ ಹುಡುಗಿಗೆ, ನಾನು ಇಷ್ಟು ಮಾಡಿದ್ದೇನೆ ಎಂದು ಮೇಜಿನ ಮೇಲಿಡಲು ಅಂಕಿ ಒಂದು ಆಸರೆ. ಎಲ್ಲರಿಗೂ ಒಂದೇ ಸೇರು ಎಂಬುದು ದೊಡ್ಡ ಮಾತೇ. ಆದರೆ ಸೇರು ಒಂದೇ ಆದರೂ ಕಣ ಒಂದೇ ಅಲ್ಲವಲ್ಲ.

ಕಲ್ಯಾಣ್ ಅಥವಾ ಡೊಂಬಿವಲಿಯ ಪದವಿ ಕಾಲೇಜಿನ ರಸಾಯನಶಾಸ್ತ್ರ ಅಧ್ಯಾಪಕರ ದಿನ ಹೇಗಿರುತ್ತದೆ? ಬೆಳಗ್ಗೆ ಪಾಠ, ಮಧ್ಯಾಹ್ನ ಬ್ಯಾಚುಗಟ್ಟಲೆ ಪ್ರಾಕ್ಟಿಕಲ್. ಬ್ಯುರೆಟ್ಟು ಒಡೆಯದಂತೆ, ಆಸಿಡ್ ಚೆಲ್ಲದಂತೆ ಕಾಯುವುದು. ಆಮೇಲೆ ಉತ್ತರಪತ್ರಿಕೆಗಳ ಕಟ್ಟು. ತಾನೇ ತಯಾರಿಸಿದ ಸಂಯುಕ್ತದ ರಚನೆ ತಿಳಿಯಲು ಎನ್ಎಂಆರ್ ಬೇಕಾದರೆ ಮಾದರಿಯನ್ನು ದೊಡ್ಡ ಸಂಸ್ಥೆಗೆ ಕಳಿಸಿ ದುಡ್ಡು ಕಟ್ಟಿ ಕಾಯಬೇಕು. ಇವರನ್ನೂ ಬೆಂಗಳೂರಿನ ಸುಸಜ್ಜಿತ ಪ್ರಯೋಗಾಲಯದವರನ್ನೂ ಒಂದೇ ಜಾತಿಯ ಅಂಕಿಯಲ್ಲಿ ಅಳೆದರೆ ಏನಾಗಬೇಕೋ ಅದೇ ಆಯಿತು. ದುಡ್ಡು ಕೊಟ್ಟರೆ ಓದದೆಯೇ ಅಚ್ಚು ಹಾಕುವ ಪತ್ರಿಕೆಗಳು ಅಣಬೆಯಂತೆ ಎದ್ದವು. 2015ರಲ್ಲಿ ಶೆನ್ ಮತ್ತು ಬ್ಯೋರ್ಕ್ ಎಂಬ ಸಂಶೋಧಕರು ಅಂದಾಜು ಮಾಡಿದಂತೆ, ಜಗತ್ತಿನಲ್ಲಿ ಇಂಥ ಪತ್ರಿಕೆಗಳ ಲೇಖನಗಳು 2010ರಲ್ಲಿ 53,000 ಇದ್ದದ್ದು 2014ರಲ್ಲಿ 4,20,000ಕ್ಕೆ ಏರಿದ್ದವು. ಬರೆದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಭಾರತದವರು.

ಅನುವಾದ, ತಿದ್ದುವಿಕೆ ನನ್ನ ಹೊಟ್ಟೆಪಾಡು. ಇಂಥ ಪ್ರಬಂಧಗಳು ಇಂಗ್ಲಿಷ್ ಸರಿಮಾಡಿಕೊಡಿ ಎಂದು ನನ್ನ ಬಳಿಯೂ ಬರುತ್ತವೆ. ಕಳಿಸುವವರಲ್ಲಿ ಕಳ್ಳರು ಕಡಿಮೆ, ದಣಿದವರು ಹೆಚ್ಚು. ಪಾಠ ಚೆನ್ನಾಗಿ ಮಾಡುತ್ತಾರೆಂದು ಹೆಸರಿದ್ದವರೂ 'ಈ ತಿಂಗಳೊಳಗೆ ಬಂದರೆ ಸಾಕು' ಎನ್ನುತ್ತಾರೆ. ಎಲ್ಲಿ ಬರುತ್ತದೆ, ಯಾರು ಓದುತ್ತಾರೆ ಎಂಬ ಮಾತೇ ಇರುವುದಿಲ್ಲ.

ಯುಜಿಸಿ 2017ರಲ್ಲಿ ಒಪ್ಪಿತ ಪತ್ರಿಕೆಗಳ ಪಟ್ಟಿ ಮಾಡಿತು. ವಿಶ್ವವಿದ್ಯಾಲಯಗಳೇ ಸೂಚಿಸಿ ಪಟ್ಟಿಗೆ ಸೇರಿದ್ದ 1,009 ಪತ್ರಿಕೆಗಳನ್ನು ಪುಣೆಯ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಜರಡಿ ಹಿಡಿದಾಗ ಶೇ. 88ಕ್ಕೂ ಹೆಚ್ಚು ಜೊಳ್ಳಾಗಿ ಕಂಡವು. 2018ರ ಮೇನಲ್ಲಿ 4,305 ಪತ್ರಿಕೆಗಳ ಹೆಸರು ಹೊಡೆದರು. 2019ರಲ್ಲಿ 'ಕೇರ್' ಎಂಬ ಹೊಸ ಪಟ್ಟಿ ಬಂತು; 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟರು. ನಡುವೆ ಎಪಿಐ ಪದ್ಧತಿಯೂ 2018ರ ನಿಯಮಗಳಲ್ಲಿ ಬದಲಾಯಿತು. ಆ ಎಂಟು ವರ್ಷ ಅಚ್ಚಾದ ಕಾಗದವನ್ನು ಮಾತ್ರ ಯಾರೂ ಹಿಂತೆಗೆದುಕೊಳ್ಳಲಿಲ್ಲ.

ಬರೆಯದವರ ರಸಾಯನ

ನಾವಿರುವ ಈ ಜಿಲ್ಲೆಯಲ್ಲೇ ರಸಾಯನಶಾಸ್ತ್ರಕ್ಕೆ ಇನ್ನೊಂದು ಬದುಕಿದೆ. 1962ರಲ್ಲಿ ಎಂಐಡಿಸಿ ಸ್ಥಾಪನೆಯಾದ ಮೇಲೆ ಡೊಂಬಿವಲಿ, ಅಂಬರ್‌ನಾಥ್, ಬದಲಾಪುರ, ಥಾಣೆ-ಬೇಲಾಪುರ ರಸ್ತೆಯುದ್ದಕ್ಕೂ ಬಣ್ಣದ, ಔಷಧದ, ಕೀಟನಾಶಕದ ಕಾರ್ಖಾನೆಗಳು ಬಂದವು. 1970ರ ಪೇಟೆಂಟ್ ಕಾಯ್ದೆ ಔಷಧ ಮತ್ತು ರಾಸಾಯನಿಕಗಳಲ್ಲಿ ವಸ್ತುವಿಗೆ ಪೇಟೆಂಟ್ ಕೊಡದೆ ಅದನ್ನು ಮಾಡುವ ವಿಧಾನಕ್ಕೆ ಮಾತ್ರ ಕೊಟ್ಟಿತು. 2005ರವರೆಗೆ ಹಾಗೇ ನಡೆಯಿತು. ಅದೇ ವಸ್ತುವನ್ನು ಬೇರೆ ದಾರಿಯಲ್ಲಿ, ಅಗ್ಗವಾಗಿ ಮಾಡಬಲ್ಲವನಿಗೆ ಬೆಲೆ ಬಂತು. ಬಿ.ಎಸ್ಸಿ. ಮುಗಿಸಿದ ಕೆಮಿಸ್ಟುಗಳು ಶಿಫ್ಟಿನಲ್ಲಿ ನಿಂತು ತಾಪ ಎರಡು ಡಿಗ್ರಿ ಇಳಿಸಿ, ದ್ರಾವಕ ಬದಲಿಸಿ, ಇಳುವರಿ ಹೆಚ್ಚಿಸಿದರು. ಆ ಅರಿವು ಬ್ಯಾಚ್ ಶೀಟುಗಳಲ್ಲಿದೆ, ಕೈಗಳಲ್ಲಿದೆ. ಗುಟ್ಟಾಗಿರುವುದೇ ಅದರ ಬೆಲೆ. ಪ್ರಕಟಿಸಿದರೆ ಕೆಲಸ ಹೋದೀತು. ಇವರ ಎಚ್-ಇಂಡೆಕ್ಸ್ ಸೊನ್ನೆ.

ಇಂಥವರು ಚಿಕ್ಕವರೇನಲ್ಲ. 2002ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಕೊಯಿಚಿ ತನಾಕಾ ಕ್ಯೋಟೋದ ಶಿಮಾಡ್ಜು ಕಂಪನಿಯ ಇಂಜಿನಿಯರ್. ಪಿಎಚ್‌ಡಿ ಇರಲಿಲ್ಲ, ಪ್ರಬಂಧಗಳೂ ಕೆಲವೇ. ಎಣಿಕೆ ಹಿಡಿದು ಹುಡುಕಿದ್ದರೆ ಸಿಗುವ ಮನುಷ್ಯನಲ್ಲ. ಕೆಲಸವನ್ನು ಓದಿದವರಿದ್ದರು, ಅದಕ್ಕೇ ಸಿಕ್ಕ.

ಡೊಂಬಿವಲಿಯ ಎಂಐಡಿಸಿಯಲ್ಲಿ 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ರಾಸಾಯನಿಕ ಕಾರ್ಖಾನೆಗಳಲ್ಲಿ ಸ್ಫೋಟವಾಗಿ ಎರಡೂ ಸಲ ಹತ್ತಾರು ಮನೆಗಳ ಕಿಟಕಿ ಸಿಡಿದವು, ಜನ ಸತ್ತರು. ಅಂಥ ಸುದ್ದಿ ಇಲ್ಲದೆ ಕಳೆದ ದಿನಗಳೂ ಇವೆ. ಯಾವುದೋ ರಿಯಾಕ್ಟರಿನ ಮುಂದೆ ನಿಂತ ಯಾರೋ ಒಬ್ಬರು ಮುಳ್ಳು ಏರುವುದನ್ನು ನೋಡಿ ಸಮಯಕ್ಕೆ ಸರಿಯಾಗಿ ತಣ್ಣೀರು ಬಿಟ್ಟ ದಿನಗಳು ಅವು. ಆಗದೇ ಹೋದ ಅನಾಹುತವನ್ನು ಯಾವ ಸೂಚಿ ಎಣಿಸೀತು?

ಕನ್ನಡದ್ದೇ ಒಂದು ಉದಾಹರಣೆ: ಮೈಸೂರಿನ ರಸಾಯನಶಾಸ್ತ್ರದ ಮೇಷ್ಟ್ರು ಜೆ.ಆರ್. ಲಕ್ಷ್ಮಣರಾವ್. 'ಪರಮಾಣು ಚರಿತ್ರೆ' ಬರೆದರು, 'ಬಾಲವಿಜ್ಞಾನ' ಮಾಸಪತ್ರಿಕೆಯನ್ನು ವರ್ಷಗಟ್ಟಲೆ ಸಂಪಾದಿಸಿದರು. ವಿಜ್ಞಾನ ಅನುವಾದಿಸುವ ನಾವೆಲ್ಲ ಅಂಥವರು ಹದಗೊಳಿಸಿದ ಮಾತಿನಲ್ಲೇ ಕೆಲಸ ಮಾಡುತ್ತೇವೆ. ಜಾಗತಿಕ ಸೂಚಿಗಳಿಗೆ ಕನ್ನಡ ಕಾಣದು, ಹಾಗಾಗಿ ಆ ಕೆಲಸವೂ ಕಾಣದು.

ಎರಡು ಮಾನ

ಕನ್ನಡದಲ್ಲಿ 'ಮಾನ' ಎಂದರೆ ಮರ್ಯಾದೆ. ತಾಪಮಾನ, ಮಾನದಂಡ ಎನ್ನುವಾಗ ಅಳತೆ. ಒಂದೇ ಪದವೆಂದು ಕಿವಿಗೆ ಅನಿಸುತ್ತದೆ. ಸಂಸ್ಕೃತದಲ್ಲಿ ಇವು ಎರಡು ಧಾತುಗಳಿಂದ ಬಂದ ಎರಡು ಪದಗಳು: ಅಳತೆಯ ಮಾನ 'ಮಾ' ಧಾತುವಿನಿಂದ, ಮರ್ಯಾದೆಯ ಮಾನ 'ಮನ್' ಧಾತುವಿನಿಂದ. 'ಮನ್' ಎಂದರೆ ಯೋಚಿಸು. ಅಂದರೆ ಒಬ್ಬರಿಗೆ ಮಾನ ಕೊಡುವುದೆಂದರೆ ಅವರ ಬಗ್ಗೆ ಯೋಚಿಸುವುದು.

ಹಿರ್ಷ್ ತಾನೇ 2020ರಲ್ಲಿ ತನ್ನ ಸೂಚ್ಯಂಕ ಕೆಟ್ಟ ಪರಿಣಾಮವನ್ನೂ ಬೀರಬಲ್ಲದು ಎಂದು ಬರೆದ. ಅದಕ್ಕೂ ಮೊದಲೇ, 2012ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ್ದ ಸಂಪಾದಕರು, ಪ್ರಕಾಶಕರು ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರಿನಿಂದ ವ್ಯಕ್ತಿಯನ್ನು ತೂಗಬೇಡಿ ಎಂಬ ಘೋಷಣೆ ರೂಪಿಸಿದ್ದರು. ನನಗೆ ತೋರುವ ದಾರಿ ಇನ್ನೂ ಸಣ್ಣದು. ಆಯ್ಕೆಗೆ ಬಂದವರಿಂದ ಐವತ್ತರ ಪಟ್ಟಿ ಕೇಳುವ ಬದಲು, ನಿಮಗೆ ಮುಖ್ಯ ಎನಿಸಿದ ಎರಡು ಪ್ರಬಂಧ ಕೊಡಿ ಎನ್ನಲಿ. ಸಮಿತಿಯವರು ಅವನ್ನು ಓದಿ, ಏಕೆ ಒಪ್ಪಿದರು, ಏಕೆ ಒಪ್ಪಲಿಲ್ಲ ಎಂದು ಅರ್ಧ ಪುಟ ಬರೆದು ಸಹಿ ಹಾಕಲಿ. ಪಾಠವನ್ನೇ ಬದುಕಾಗಿಸಿಕೊಂಡವರಾದರೆ ಅವರ ಒಂದು ತರಗತಿಯಲ್ಲಿ ಹೋಗಿ ಕೂರಲಿ. ಪಕ್ಷಪಾತ ಆಗಲೂ ನುಸುಳಬಹುದು. ಆದರೆ ಸಹಿ ಇರುವ ಅರ್ಧ ಪುಟವನ್ನು ಪ್ರಶ್ನಿಸಬಹುದು. ಹದಿನೈದು ಪಾಯಿಂಟಿನ ಹತ್ತಿರ ಪ್ರಶ್ನೆ ಕೇಳಿದರೆ ಅದು ಏನು ಹೇಳೀತು?